ಬ್ರಿಡ್ಜ್ ಎದ್ದ, ಹೊಟ್ಟೆ ಬಂದ ಗಿಟಾರಿಗೆ ಯಾವ ದುರಸ್ತಿ ಸರಿ?

ಅಕೂಸ್ಟಿಕ್ ಗಿಟಾರಿನ ಬ್ರಿಡ್ಜ್, ಅಂದರೆ ತಂತಿಗಳ ಬುಡವನ್ನು ಹಿಡಿದಿಡುವ, ಮೇಲಿನ ಹಲಗೆಗೆ ಅಂಟಿಸಿದ ಮರದ ಪಟ್ಟಿ, ಒಂದೇ ರಾತ್ರಿಯಲ್ಲಿ ಕಿತ್ತು ಬರುವುದು ಅಪರೂಪ. ಹೆಚ್ಚಿನ ಸಂದರ್ಭಗಳಲ್ಲಿ ಮೊದಲು ತಂತಿಗಳು ತುಸು ಎತ್ತರವಾದಂತೆ ಅನ್ನಿಸುತ್ತದೆ, ಸಲೀಸಾಗಿ ಬರುತ್ತಿದ್ದ ಎಫ್ ಕಾರ್ಡಿಗೆ ತೋರುಬೆರಳು ಸೋಲತೊಡಗುತ್ತದೆ, ಎಷ್ಟು ಶ್ರುತಿ ಮಾಡಿದರೂ ಹನ್ನೆರಡನೆಯ ಫ್ರೆಟ್ಟಿನಾಚೆ (ಫ್ರೆಟ್ಟು ಎಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ) ಸ್ವರ ಹೊಂದುವುದಿಲ್ಲ. ನುಡಿಸುವವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆಯೇ ಹೊರತು ವಾದ್ಯವನ್ನು ಪಕ್ಕದಿಂದ ನೋಡುವುದಿಲ್ಲ. ನನ್ನ ಅಕ್ಕನ ಮಗನ ಗಿಟಾರಿನಲ್ಲೂ ಹೀಗೇ ಆಯಿತು. ಮಂಗಳೂರಿನ ಮನೆಯ ಕಪಾಟಿನ ಮೇಲೆ ಎರಡು ಮಳೆಗಾಲ ಕಳೆದ ಆ ಗಿಟಾರ್ ಒಂದು ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ಬಂತು. ಕಿಟಕಿಯ ಬೆಳಕಿಗೆ ಅಡ್ಡಲಾಗಿ ಹಿಡಿದಾಗ ಬ್ರಿಡ್ಜಿನ ಹಿಂಬದಿಯಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡಿತು. ಅಲ್ಲಿಗೆ ವಿಸಿಟಿಂಗ್ ಕಾರ್ಡಿನ ಅಂಚನ್ನು ತಾಗಿಸಿದರೆ ಕೊನೆಯ ಸಾಲಿನ ಫೋನ್ ನಂಬರು ಮರೆಯಾಗುವಷ್ಟು, ಅಂದರೆ ಸುಮಾರು 8 ಮಿಲಿಮೀಟರ್, ಒಳಕ್ಕೆ ಜಾರಿತು. ಬ್ರಿಡ್ಜಿನ ಹಿಂದೆ ಟಾಪ್, ಅಂದರೆ ಮೇಲಿನ ಹಲಗೆ, ಕೈಗೆ ತಿಳಿಯುವಷ್ಟು ಉಬ್ಬಿತ್ತು. ಗಿಟಾರಿಗೆ ಹೊಟ್ಟೆ ಬಂದಿದೆ ಎಂದು ನಾವು ಹೇಳುವುದು ಇದನ್ನೇ.

ಮುಂದೇನು ಎಂದು ಕೇಳಿದಲ್ಲೆಲ್ಲ ಬೇರೆ ಬೇರೆ ಉತ್ತರ ಸಿಕ್ಕಿತು. ಸಂದಿಗೆ ಅಂಟು ಸುರಿದು ಕಲ್ಲು ಹೇರಿ ಎಂದರು ಒಬ್ಬರು, ಬೋಲ್ಟ್ ಹಾಕಿ ಬಿಗಿಯಿರಿ ಎಂದರು ಇನ್ನೊಬ್ಬರು, ಟೇಲ್‌ಪೀಸ್ (ತಂತಿಗಳ ತುದಿಯನ್ನು ವಾದ್ಯದ ಬುಡಕ್ಕೆ ಕಟ್ಟುವ ಪಟ್ಟಿ) ಕೂರಿಸಿದರೆ ತಲೆನೋವೇ ಇಲ್ಲ ಎಂದರು ಮತ್ತೊಬ್ಬರು, ಹೊಸದನ್ನೇ ಕೊಂಡರಾಯಿತಲ್ಲ ಎಂದವರೂ ಇದ್ದರು. ಇವುಗಳಲ್ಲಿ ಯಾವ ಮಾತೂ ಪೂರ್ತಿ ಸುಳ್ಳಲ್ಲ. ಆದರೆ ಪ್ರತಿಯೊಂದೂ ಬೇರೆ ಬೇರೆ ಗಿಟಾರಿಗೆ ಹೊಂದುವ ಮಾತು. ಇವುಗಳ ನಡುವೆ ಆರಿಸುವಾಗ ನಾನು ಬಳಸುವ ಅಳತೆ ಒಂದೇ: ಇಂದು ಮಾಡಿದ ದುರಸ್ತಿ ನಾಳೆ ಸೋತರೆ, ಅದನ್ನು ಬಿಚ್ಚಿ ಇನ್ನೊಂದನ್ನು ಮಾಡಲು ಸಾಧ್ಯವಾಗಬೇಕು. ಈ ಅಳತೆಗೆ ನಿಲ್ಲದ ದಾರಿ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು.

ಯಾವ ದಾರಿ ಹಿಡಿದರೂ ಮೊದಲ ಕೆಲಸ ತಂತಿಗಳನ್ನು ಸಡಿಲಿಸುವುದು. 12–53 ಅಳತೆಯ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ) ಉಕ್ಕಿನ ತಂತಿಗಳ ಒಂದು ಸೆಟ್ಟು ಮಾಮೂಲಿ ಶ್ರುತಿಯಲ್ಲಿ ಸುಮಾರು 74 ಕಿಲೊ ಎಳೆತವನ್ನು ಬ್ರಿಡ್ಜಿನ ಮೇಲೆ ಹಾಕುತ್ತದೆ. ಆ ಎಳೆತ ಟಾಪಿನ ಮಟ್ಟದಲ್ಲಿ ಅಲ್ಲ, ಅದರಿಂದ ಸುಮಾರು 12 ಮಿಲಿಮೀಟರ್ ಮೇಲೆ, ಬ್ರಿಡ್ಜಿನಲ್ಲಿ ತಂತಿಗಳು ಒರಗುವ ಸಣ್ಣ ಪಟ್ಟಿಯಾದ ಸ್ಯಾಡಲಿನ ನೆತ್ತಿಯಲ್ಲಿ ಬೀಳುವುದರಿಂದ ಬ್ರಿಡ್ಜ್ ಮುಂದಕ್ಕೆ ಮಗುಚಿಕೊಳ್ಳಲು ನೋಡುತ್ತದೆ: ಹಿಂದಿನ ಅಂಚು ಏಳುತ್ತದೆ, ಮುಂದಿನ ಅಂಚು ಸೌಂಡ್‌ಹೋಲಿನ (ಟಾಪಿನ ದುಂಡು ತೂತಿನ) ಕಡೆ ಟಾಪನ್ನು ಒಳಕ್ಕೆ ಒತ್ತುತ್ತದೆ. ಸಂದಿ ಒಮ್ಮೆ ತೆರೆದ ಮೇಲೆ ಉಳಿದ ಅಂಟಿನ ಮೇಲೆ ಭಾರ ಹೆಚ್ಚುತ್ತ ಹೋಗುವುದರಿಂದ, ಇನ್ನೂ ನುಡಿಯುತ್ತದಲ್ಲ ಎಂದು ತಳ್ಳಿಕೊಂಡು ಹೋದ ಪ್ರತಿ ವಾರವೂ ದುರಸ್ತಿಯನ್ನು ದೊಡ್ಡದು ಮಾಡುತ್ತದೆ. ಸಂದಿ, ತಂತಿಯ ತುದಿಯನ್ನು ಬ್ರಿಡ್ಜಿನಲ್ಲಿ ಹಿಡಿದಿಡುವ ಪಿನ್ನುಗಳ ತೂತಿನವರೆಗೆ ಹೋಗಿದ್ದರೆ ಆ ಗಿಟಾರನ್ನು ಇನ್ನು ಶ್ರುತಿ ಮಾಡಲೇಬಾರದು. ಬ್ರಿಡ್ಜ್ ಸಿಡಿದು ಬರುವಾಗ ಟಾಪಿನ ಮರವನ್ನೂ ಸೀಳಿಕೊಂಡು ಬರುತ್ತದೆ.

ಸೊಟ್ಟಗಾಗಿರುವುದು ಯಾವುದು

ಬಾಗಿದ ಗಿಟಾರ್ ಎಂದು ನಾವು ಒಟ್ಟಾಗಿ ಹೇಳುವುದರಲ್ಲಿ ನಾಲ್ಕೈದು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಬ್ರಿಡ್ಜ್ ಎದ್ದಿರಬಹುದು, ಟಾಪ್ ಉಬ್ಬಿರಬಹುದು, ಟಾಪಿಗೆ ಒಳಗಿನಿಂದ ಬಲ ಕೊಡುವ ಬ್ರೇಸ್ ಪಟ್ಟಿ ಕಿತ್ತಿರಬಹುದು, ನೆಕ್, ಅಂದರೆ ಗಿಟಾರಿನ ಕತ್ತು, ಬಿಲ್ಲಿನಂತೆ ಬಾಗಿರಬಹುದು, ಇಲ್ಲವೇ ನೆಕ್ ನೇರವಾಗಿಯೇ ಇದ್ದು ದೇಹಕ್ಕೆ ಸೇರುವ ಕೋನ ಕೆಟ್ಟಿರಬಹುದು. ತಂತಿ ಎತ್ತರವಾಯಿತು ಎಂಬ ದೂರು ಐದಕ್ಕೂ ಒಂದೇ. ಚಿಕಿತ್ಸೆ ಮಾತ್ರ ಬೇರೆ.

ಮರದ ಸ್ವಭಾವ ಇಲ್ಲಿ ಸ್ವಲ್ಪ ತಿಳಿದಿರಬೇಕು. ಮರ ತೇವಕ್ಕೆ ಹಿಗ್ಗುವುದು ಎಳೆಗೆ ಅಡ್ಡಲಾಗಿ. ಎಳೆಯ ಉದ್ದಕ್ಕೆ ಅದು ಹಿಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಗಿಟಾರಿನ ಟಾಪಿನ ಎಳೆಗಳು ತಂತಿಗಳ ದಿಕ್ಕಿನಲ್ಲಿ ಓಡುತ್ತವೆ, ಬ್ರಿಡ್ಜಿನ ಎಳೆಗಳು ಅದಕ್ಕೆ ಅಡ್ಡಲಾಗಿ. ಹೀಗಾಗಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕರಾವಳಿಯ ತೇವದಲ್ಲಿ ಟಾಪ್ ಅಗಲವಾಗಲು ನೋಡುತ್ತದೆ, ಅದರ ಮೇಲೆ ಅಂಟಿದ ಬ್ರಿಡ್ಜ್ ಅಲುಗುವುದಿಲ್ಲ. ಬೆಂಗಳೂರು, ಕಲಬುರಗಿಯ ಬೇಸಿಗೆಯ ಒಣಗಾಳಿಯಲ್ಲಿ ಟಾಪ್ ಕುಗ್ಗುತ್ತದೆ, ಬ್ರಿಡ್ಜ್ ಆಗಲೂ ಅಲುಗುವುದಿಲ್ಲ. ನಡುವೆ ಸಿಕ್ಕಿಕೊಳ್ಳುವುದು ಕಾಗದದಷ್ಟು ತೆಳುವಾದ ಅಂಟಿನ ಪದರ. ಗಿಟಾರಿಗೆ ಹಿತವಾದ ಸಾಪೇಕ್ಷ ಆರ್ದ್ರತೆ ಶೇಕಡಾ 45ರಿಂದ 55. ಮಳೆಗಾಲದ ಮಂಗಳೂರಿನಲ್ಲಿ ಅದು ಶೇಕಡಾ 85 ದಾಟುವುದೂ ಮಾರ್ಚ್ ಮಧ್ಯಾಹ್ನದ ಬೆಂಗಳೂರಿನಲ್ಲಿ 30ಕ್ಕಿಂತ ಕೆಳಗೆ ಇಳಿಯುವುದೂ ಸಾಮಾನ್ಯ ಸಂಗತಿ. ಆದ್ದರಿಂದ ಅಳತೆ ತೆಗೆಯುವ ಮೊದಲು ಗಿಟಾರನ್ನು ತಂತಿ ಸಡಿಲಿಸಿ ಎರಡು ಮೂರು ವಾರ ಹಿತವಾದ ತೇವದಲ್ಲಿ ಇಡಬೇಕು: ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಚೀಲಗಳು, ಬೇಸಿಗೆಯಲ್ಲಿ ತೂತು ಕೊರೆದ ಸೋಪಿನ ಡಬ್ಬಿಯೊಳಗೆ ಹಿಂಡಿದ ಒದ್ದೆ ಸ್ಪಂಜು, ಜೊತೆಗೆ ಒಂದು ಸಣ್ಣ ಡಿಜಿಟಲ್ ಆರ್ದ್ರತಾಮಾಪಕ. ತೇವಕ್ಕೆ ಬಂದ ಉಬ್ಬು ಎಷ್ಟೋ ಸಲ ಇದರಿಂದಲೇ ಅರ್ಧ ಇಳಿಯುತ್ತದೆ.

ಆಮೇಲೆ 30 ಸೆಂಟಿಮೀಟರಿನ ಉಕ್ಕಿನ ಅಡಿಕೋಲನ್ನು ಬ್ರಿಡ್ಜಿನ ಹಿಂದೆ ಟಾಪಿನ ಮೇಲೆ ಅಡ್ಡಲಾಗಿ ಇಟ್ಟು ನೋಡಬೇಕು. ಅನೇಕ ಗಿಟಾರುಗಳ ಟಾಪನ್ನು ತಯಾರಕರೇ ಸುಮಾರು 25 ಅಡಿ ತ್ರಿಜ್ಯದ ಗೋಳದ ಚೂರಿನಂತೆ ತುಸು ಉಬ್ಬಿಸಿರುತ್ತಾರೆ; ಲೆಕ್ಕ ಹಾಕಿದರೆ ಅಂಥ ಟಾಪಿನ ಮೇಲೆ ಅಡಿಕೋಲಿನ ನಡು ತಾಗಿದಾಗ ಎರಡು ತುದಿಗಳೂ ಒಂದೂವರೆ ಮಿಲಿಮೀಟರಿನಷ್ಟು ಎತ್ತಿ ನಿಲ್ಲುತ್ತವೆ. ಅದು ದೋಷವಲ್ಲ, ಅದನ್ನು ಚಪ್ಪಟೆ ಮಾಡಲು ಹೊರಡಬಾರದು. ತುದಿಗಳು ನಾಲ್ಕೈದು ಮಿಲಿಮೀಟರ್ ಎತ್ತಿದ್ದರೆ, ಸೌಂಡ್‌ಹೋಲ್ ಮತ್ತು ಬ್ರಿಡ್ಜಿನ ನಡುವೆ ಟಾಪ್ ತಗ್ಗಿದ್ದರೆ, ಹೊಟ್ಟೆ ಬಂದಿರುವುದು ಖಚಿತ. ಮೊಬೈಲಿನ ಟಾರ್ಚ್ ಹಚ್ಚಿ ವಿಡಿಯೊ ತೆಗೆಯುತ್ತ ಸೌಂಡ್‌ಹೋಲಿನೊಳಗೆ ಇಳಿಸಿದರೆ ಬ್ರೇಸ್ ಪಟ್ಟಿಗಳೂ ಬ್ರಿಡ್ಜಿನ ಅಡಿಯಲ್ಲಿರುವ ಗಟ್ಟಿಮರದ ತಟ್ಟೆಯೂ ಕಾಣುತ್ತವೆ. ಟಾಪನ್ನು ಬೆರಳ ಗೆಣ್ಣಿನಿಂದ ತಟ್ಟುತ್ತ ಹೋದಾಗ ಒಂದು ಕಡೆ ಮಾತ್ರ ಸದ್ದು ಒಡೆದಂತೆ ಝಿರ್ ಎಂದರೆ ಅಲ್ಲಿನ ಪಟ್ಟಿ ಬಿಟ್ಟಿದೆ ಎಂದು ತಿಳಿಯಬೇಕು. ಅಂಥ ಪಟ್ಟಿಯನ್ನು ಮೊದಲು ಅಂಟಿಸದೆ ಬ್ರಿಡ್ಜಿಗೆ ಕೈ ಹಾಕುವುದು ಅಡಿಪಾಯ ಬಿಟ್ಟು ಗೋಡೆಗೆ ಸುಣ್ಣ ಬಳಿದಂತೆ.

ನೆಕ್ಕಿನ ಅಳತೆಯನ್ನು ಬ್ರಿಡ್ಜ್ ಕೂತ ಮೇಲೆಯೇ ತೆಗೆಯುವುದು ಒಳ್ಳೆಯದು, ಏಕೆಂದರೆ ಎದ್ದ ಬ್ರಿಡ್ಜ್ ತಾನಾಗಿಯೇ ತಂತಿಯನ್ನು ಎತ್ತುತ್ತದೆ. ಅದರ ವಿಚಾರ ಮುಂದೆ ಬರುತ್ತದೆ.

ಭಾರ ಇಳಿಸಿ ಹಾಗೆಯೇ ಇಟ್ಟುಕೊಳ್ಳುವುದು

ಏನೂ ಮಾಡದಿರುವುದೂ ಒಂದು ಆಯ್ಕೆಯೇ, ಮತ್ತು ಅದನ್ನು ಜನ ಅರ್ಹತೆಗಿಂತ ಕಡಿಮೆ ಬಳಸುತ್ತಾರೆ. ಬ್ರಿಡ್ಜಿನ ಹಿಂದೆ ತಾಗಿಸಿದ ವಿಸಿಟಿಂಗ್ ಕಾರ್ಡು ಒಂದೆರಡು ಮಿಲಿಮೀಟರ್ ಮಾತ್ರ ಒಳಗೆ ಹೋಗಿ ನಿಂತರೆ ಅದು ಬಹುಶಃ ಹುಟ್ಟಿನಿಂದ ಬಂದ ಸಂದಿ: ಕಾರ್ಖಾನೆಯಲ್ಲಿ ಬ್ರಿಡ್ಜಿನ ಅಡಿಯ ವಾರ್ನಿಷನ್ನು ಅಂಚಿನವರೆಗೆ ಕೆರೆಯದೆ ಬಿಟ್ಟಾಗ ಆ ಅಂಚು ಎಂದೂ ಅಂಟಿರುವುದೇ ಇಲ್ಲ. ಅಂಥ ಕಡೆ ಒಂದು ತೆಳು ಕಾಗದ ಎಷ್ಟು ಒಳಗೆ ಹೋಗುತ್ತದೆ ಎಂದು ಪೆನ್ಸಿಲಿನಿಂದ ಗುರುತು ಹಾಕಿ, ತಿಂಗಳು ಬಿಟ್ಟು ಮತ್ತೆ ನೋಡಿದರೆ ಸಾಕು. ಗುರುತು ಕದಲದಿದ್ದರೆ ದುರಸ್ತಿಯ ಅಗತ್ಯವಿಲ್ಲ.

ಉಬ್ಬು ಸಣ್ಣದಿದ್ದು ಅಂಟು ಗಟ್ಟಿಯಿದ್ದರೆ ತಂತಿಯ ಭಾರವನ್ನು ಇಳಿಸುವುದು ಎಲ್ಲಕ್ಕಿಂತ ಅಗ್ಗದ ದಾರಿ. 12–53ರ ಬದಲು 10–47ರ ಸೆಟ್ಟು ಹಾಕಿದರೆ ಎಳೆತ ಸುಮಾರು 60 ಕಿಲೊಗೆ ಬರುತ್ತದೆ. ಅದೇ ದಪ್ಪ ತಂತಿಗಳನ್ನು ಅರ್ಧ ಸ್ವರ ಇಳಿಸಿದರೆ ಎಳೆತ ಶೇಕಡಾ 11ರಷ್ಟು, ಒಂದು ಪೂರ್ಣ ಸ್ವರ ಇಳಿಸಿದರೆ ಶೇಕಡಾ 20ಕ್ಕಿಂತ ತುಸು ಹೆಚ್ಚು ಕಡಿಮೆಯಾಗುತ್ತದೆ; ಪೂರ್ಣ ಸ್ವರ ಇಳಿಸಿ ಎರಡನೆಯ ಫ್ರೆಟ್ಟಿಗೆ ಕೇಪೊ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿದರೆ ನುಡಿಸುವವರಿಗೆ ಶ್ರುತಿ ಮಾಮೂಲಿಯೇ, ಟಾಪಿಗೆ ಮಾತ್ರ ಹದಿನೈದು ಕಿಲೊ ಉಳಿತಾಯ. ಉಕ್ಕಿನ ತಂತಿಯ ಗಿಟಾರಿಗೆ ನೈಲಾನ್ ತಂತಿ ಹಾಕುವ ಸಲಹೆಯೂ ಕೇಳಿಬರುತ್ತದೆ. ಎಳೆತ ಸುಮಾರು 40 ಕಿಲೊಗೆ ಇಳಿಯುವುದು ನಿಜವಾದರೂ, ನೆಕ್ಕಿನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯಾದ ನಟ್ಟಿನ ತೋಡುಗಳಿಗೆ ಆ ದಪ್ಪ ತಂತಿ ಕೂರುವುದಿಲ್ಲ, ಭಾರದ ಬ್ರೇಸುಗಳಿರುವ ಟಾಪ್ ಅಷ್ಟು ಸಣ್ಣ ಎಳೆತಕ್ಕೆ ಸರಿಯಾಗಿ ಅದುರುವುದಿಲ್ಲ. ಸದ್ದು ಕಂಬಳಿಯೊಳಗಿಂದ ಬಂದಂತೆ ಇರುತ್ತದೆ. ಇದನ್ನು ನಾನು ಶಿಫಾರಸು ಮಾಡಲಾರೆ.

ತಂತಿ ಎತ್ತರವಾಗಿರುವುದೇ ಗುಣವಾಗುವ ಒಂದು ಸಂದರ್ಭವಿದೆ. ಬ್ರಿಜ್ ಭೂಷಣ್ ಕಾಬ್ರಾ ಅವರಿಂದ ಹಿಂದುಸ್ತಾನಿ ಸಂಗೀತದಲ್ಲಿ ನೆಲೆಯೂರಿದ ಸ್ಲೈಡ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ಉಕ್ಕಿನ ಪಟ್ಟಿಯನ್ನು ತಂತಿಯ ಮೇಲೆ ಜಾರಿಸಿ ನುಡಿಸುತ್ತಾರೆ. ಅಲ್ಲಿ ತಂತಿ ಫ್ರೆಟ್ಟನ್ನು ಮುಟ್ಟಲೇಬಾರದು. ನೆಕ್ ಕೋನ ಕೆಟ್ಟ ಹಳೆಯ ಗಿಟಾರಿನ ನಟ್ಟನ್ನು ಎತ್ತರಿಸಿ ಹೀಗೆ ಬಳಸಬಹುದು. ಆದರೆ ಎಳೆತವೇನೂ ಕಡಿಮೆಯಾಗುವುದಿಲ್ಲವಾದ್ದರಿಂದ ಎದ್ದ ಬ್ರಿಡ್ಜನ್ನು ಮಾತ್ರ ಆಗಲೂ ಕೂರಿಸಲೇಬೇಕು.

ಸಂದಿಗೆ ಅಂಟು ತೂರಿಸುವುದೋ, ಪೂರ್ತಿ ಬಿಡಿಸಿ ಅಂಟಿಸುವುದೋ

ಹೆಚ್ಚಿನವರು ನಿಜವಾಗಿ ಆರಿಸಬೇಕಾದದ್ದು ಈ ಎರಡರ ನಡುವೆ. ಮೊದಲನೆಯದು ಒಂದು ಗಂಟೆಯ ಕೆಲಸ: ಔಷಧದ ಅಂಗಡಿಯ ಸಿರಿಂಜಿನಲ್ಲಿ ಅಂಟು ತುಂಬಿ ಸಂದಿಯೊಳಗೆ ಬಿಟ್ಟು, ತೆಳು ಕಾಗದದ ಪಟ್ಟಿಯಿಂದ ಒಳಕ್ಕೆ ಹರಡಿ, ಕ್ಲ್ಯಾಂಪಿನಿಂದ ಒತ್ತುವುದು. ಸಂದಿ ಹೊಸದಾಗಿ ತೆರೆದಿದ್ದು, ಒಳಗೆ ಧೂಳು ಸೇರಿರದೆ, ಬ್ರಿಡ್ಜಿನ ಒಂದು ರೆಕ್ಕೆಯ ತುದಿ ಮಾತ್ರ ಎದ್ದಿದ್ದರೆ ಇದು ನಿಲ್ಲುತ್ತದೆ. ಹಿಂದಿನ ಅಂಚು ಉದ್ದಕ್ಕೂ ಎದ್ದು ಐದಾರು ಮಿಲಿಮೀಟರ್ ಒಳಗೆ ಹೋಗಿದ್ದರೆ ನಿಲ್ಲುವುದಿಲ್ಲ. ಮರಗೆಲಸದ ಅಂಟು ಹಿಡಿಯುವುದು ಮರವನ್ನು. ಒಣಗಿದ ಹಳೆಯ ಅಂಟನ್ನಲ್ಲ, ವಾರ್ನಿಷನ್ನಂತೂ ಅಲ್ಲವೇ ಅಲ್ಲ. ಸಂದಿಯೊಳಗೆ ಇರುವುದು ಈ ಎರಡೇ.

ಇದನ್ನು ನಾನು ಪೆಟ್ಟು ತಿಂದು ಕಲಿತವನು. ನನ್ನ ಮೊದಲ ಗಿಟಾರಿನ ಬ್ರಿಡ್ಜ್ ಎದ್ದಾಗ ಅವಸರದಲ್ಲಿ ಸಂದಿಗೆ ಸೂಪರ್ ಗ್ಲೂ ಹನಿಸಿದೆ. ಅದು ನೀರಿನಂತೆ ಹರಿದು ಬ್ರಿಡ್ಜಿನ ಸುತ್ತ ವಾರ್ನಿಷಿನ ಮೇಲೆ ಬೂದಿಬಣ್ಣದ ಮಂಜು ಹಿಡಿಸಿತು. ಆದರೂ ಮೂರು ತಿಂಗಳು ನಿಂತಿತು, ನಾನೂ ಬೀಗಿದೆ. ಮತ್ತೆ ಎದ್ದಾಗ ಅದನ್ನು ಬಿಡಿಸಲು ಹೋದರೆ ಅಂಟಿದ ಜಾಗಗಳಲ್ಲಿ ಬ್ರಿಡ್ಜಿನ ಜೊತೆ ಸ್ಪ್ರೂಸ್ ಮರದ ಚಕ್ಕೆಗಳೂ ಎದ್ದು ಬಂದವು. ಟಾಪಿನ ದಪ್ಪವೇ ಎರಡೂವರೆಯಿಂದ ಮೂರು ಮಿಲಿಮೀಟರ್. ಅದರಲ್ಲಿ ಒಂದು ಬೆರಳಗಲದ ಜಾಗದಲ್ಲಿ ಸುಮಾರು ಒಂದು ಮಿಲಿಮೀಟರ್ ಹೋಯಿತು. ನೇರ ದಾರಿಯಲ್ಲಿ ಎರಡು ದಿನದಲ್ಲಿ ಮುಗಿಯಬೇಕಿದ್ದ ಕೆಲಸಕ್ಕೆ ಮರದ ತೇಪೆ ಹಾಕುವ ಕೆಲಸವೂ ಸೇರಿಕೊಂಡಿತು.

ಪೂರ್ತಿ ಬಿಡಿಸಿ ಅಂಟಿಸುವುದು ನೋಡಲು ಭಯ ಹುಟ್ಟಿಸಿದರೂ ನನ್ನ ಮಟ್ಟಿಗೆ ಎಲ್ಲ ದಾರಿಗಳಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು. ಸ್ಯಾಡಲ್ ಮತ್ತು ಪಿನ್ನುಗಳನ್ನು ತೆಗೆದು, ಸುತ್ತಲಿನ ವಾರ್ನಿಷಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿದ ರಟ್ಟಿನ ರಕ್ಷಣೆ ಕೊಟ್ಟು, ಬ್ರಿಡ್ಜಿನ ಮೇಲೆ ಹದವಾಗಿ ಕಾಯಿಸಿದ ಇಸ್ತ್ರಿಪೆಟ್ಟಿಗೆಯನ್ನು ಐದಾರು ನಿಮಿಷ ಇಟ್ಟರೆ ಒಳಗಿನ ಅಂಟು ಮೆತ್ತಗಾಗುತ್ತದೆ. ಆಮೇಲೆ ಚಿತ್ರಕಾರರು ಬಣ್ಣ ಕಲಸುವ ತೆಳು ಪ್ಯಾಲೆಟ್ ಚಾಕುವನ್ನು ಹಿಂದಿನ ಸಂದಿಯಿಂದ ತೂರಿಸಿ, ಟಾಪಿಗೆ ಒರಗಿಸಿಯೇ, ಅವಸರವಿಲ್ಲದೆ ಸರಿಸುತ್ತ ಹೋಗಬೇಕು. ದೋಸೆ ಮಗುಚುವ ಸಟ್ಟುಗ ಇದಕ್ಕೆ ಆಗದು. ಅದರ ಅಂಚು ದಪ್ಪ, ಮರವನ್ನು ಮೀಟುತ್ತದೆ. ಚಾಕು ತಡೆದಲ್ಲಿ ಬಲ ಹಾಕದೆ ಮತ್ತೆ ಕಾಯಿಸಬೇಕು, ಇನ್ನೊಂದು ಬದಿಯಿಂದ ಬಂದು ನೋಡಬೇಕು, ಏಕೆಂದರೆ ಟಾಪಿನ ಎಡ ಮತ್ತು ಬಲ ಹೋಳುಗಳಲ್ಲಿ ಎಳೆ ಏಳುವ ದಿಕ್ಕು ಬೇರೆಯಾಗಿರಬಹುದು. ಬಿಟ್ಟು ಬಂದ ಮೇಲೆ ಎರಡೂ ಮೈಯ ಹಳೆಯ ಅಂಟನ್ನು ಕೆರೆದು, ಬ್ರಿಡ್ಜಿನ ಅಚ್ಚಿನೊಳಗೆ ಉಳಿದ ವಾರ್ನಿಷನ್ನೂ ಬರಿ ಮರ ಕಾಣುವವರೆಗೆ ತೆಗೆಯಬೇಕು. ಬ್ರಿಡ್ಜ್ ರೋಸ್‌ವುಡ್ಡಿನದಾದರೆ, ಅಂದರೆ ನಮ್ಮ ಮಲೆನಾಡು, ಕೊಡಗಿನ ಕಾಡುಗಳ ಬೀಟೆಯ ಜಾತಿಯದೇ ಆದರೆ, ಅದರ ಮೈಯಲ್ಲಿ ಎಣ್ಣೆಯ ಅಂಶ ಇರುವುದರಿಂದ ಅಂಟು ಹಚ್ಚುವ ಸ್ವಲ್ಪ ಮೊದಲು ಅಸಿಟೋನ್ ಹಚ್ಚಿದ ಬಟ್ಟೆಯಿಂದ ಒರೆಸುವುದು ವಾಡಿಕೆ.

ಹೊಟ್ಟೆ ಬಂದ ಗಿಟಾರಿನಲ್ಲಿ ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಟಾಪ್ ಉಬ್ಬಿದೆ, ಬ್ರಿಡ್ಜಿನ ತಳ ಚಪ್ಪಟೆಯಾಗಿದೆ. ಎರಡನ್ನೂ ಕ್ಲ್ಯಾಂಪಿನ ಬಲದಿಂದ ಸೇರಿಸಿದರೆ ಕ್ಲ್ಯಾಂಪ್ ತೆಗೆದ ದಿನದಿಂದಲೇ ಅವು ಬೇರೆಯಾಗಲು ಎಳೆಯತೊಡಗುತ್ತವೆ. ಟಾಪಿನ ಮೇಲೆ ಉಜ್ಜುಕಾಗದವನ್ನು ಮೈ ಮೇಲಾಗಿ ಅಂಟಿಸಿ, ಬ್ರಿಡ್ಜನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿ, ತಳವು ಆ ಉಬ್ಬಿಗೆ ಒಪ್ಪುವಂತೆ ಮಾಡಬೇಕು. ಕೈಯಿಂದ ಒತ್ತಿದಷ್ಟಕ್ಕೇ ಸುತ್ತ ಎಲ್ಲೂ ಬೆಳಕು ತೂರದಂತೆ ಕೂತರೆ ಕೆಲಸದ ಮುಕ್ಕಾಲು ಪಾಲು ಮುಗಿದಂತೆ. ಹೊಟ್ಟೆಯನ್ನೇ ಚಪ್ಪಟೆ ಮಾಡುತ್ತೇವೆ ಎಂದು ಬಿಸಿ ಮಾಡಿದ ಲೋಹದ ಅಚ್ಚುಗಳ ನಡುವೆ ಟಾಪನ್ನು ಒತ್ತಿಡುವ ವಿಧಾನವೂ ಇದೆ. ಅನುಭವಿಗಳ ಕೈಯಲ್ಲಿ, ಇಡೀ ಮರದ ಟಾಪಿನಲ್ಲಿ ಅದರಿಂದ ಉಪಯೋಗವುಂಟು. ಪ್ಲೈವುಡ್ ಟಾಪಿನಲ್ಲಿ ಪದರಗಳು ಬಿಡುವ ಅಪಾಯವಿರುವುದರಿಂದ ನಾನು ಒಪ್ಪುವುದಿಲ್ಲ.

ಕ್ಲ್ಯಾಂಪಿನ ಕೆಲಸಕ್ಕೆ ಸೌಂಡ್‌ಹೋಲಿನಿಂದ ಬ್ರಿಡ್ಜನ್ನು ತಲುಪುವಷ್ಟು ಉದ್ದ ಬಾಯಿಯ ಸಿ ಕ್ಲ್ಯಾಂಪುಗಳು ಮೂರು ಬೇಕು. ಅವು ಇಲ್ಲದೆ ಕಲ್ಲು, ಇಟ್ಟಿಗೆ, ನಿಘಂಟುಗಳನ್ನು ಹೇರುವುದು ಟಾಪನ್ನು ಮಾತ್ರ ತಗ್ಗಿಸುತ್ತದೆ. ಹಸಿ ಅಂಟಿನ ಮೇಲೆ ಬ್ರಿಡ್ಜ್ ಎಣ್ಣೆ ಹಚ್ಚಿದಂತೆ ಜಾರುವುದರಿಂದ, ಮೊದಲ ಮತ್ತು ಆರನೆಯ ತಂತಿಯ ಪಿನ್ ತೂತುಗಳಲ್ಲಿ ಒಂದೊಂದು ಸಣ್ಣ ಬೋಲ್ಟನ್ನು ಇಳಿಸಿ ಜಾಗ ಕಟ್ಟಿಹಾಕಬೇಕು. ಎರಡು ಮಿಲಿಮೀಟರ್ ಸರಿದು ಅಂಟಿದರೆ ಆ ಗಿಟಾರ್ ಮುಂದೆ ಎಂದೂ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಅಂಟಿಲ್ಲದೆ ಒಮ್ಮೆ ಪೂರ್ತಿ ತಾಲೀಮು ಮಾಡಿಕೊಂಡೇ ಅಂಟಿನ ಡಬ್ಬಿ ತೆರೆಯುವುದು ಲೇಸು. ಒಂದು ಇಡೀ ದಿನ ಕ್ಲ್ಯಾಂಪಿನಲ್ಲಿ, ಇನ್ನೊಂದು ಇಡೀ ದಿನ ಸುಮ್ಮನೆ, ಆಮೇಲೆ ತಂತಿ.

ಅಂಟುಗಳ ನಡುವಿನ ಆಯ್ಕೆ

ಬಿಳಿಯ ಪಿವಿಎ ಅಂಟು, ಅಂದರೆ ಯಾವ ಕಂಪನಿಯದಾದರೂ ಅಂಗಡಿಯಲ್ಲಿ ಫೆವಿಕಾಲ್ ಎಂದೇ ಕೇಳಿ ತರುವಂಥದು, ಪೀಠೋಪಕರಣಕ್ಕೆ ಉತ್ತಮವಾದದ್ದು. ಆದರೆ ಮೇಜಿನ ಕಾಲಿಗೆ ಹಗಲೂ ರಾತ್ರಿ 74 ಕಿಲೊ ಒಂದೇ ದಿಕ್ಕಿಗೆ ಎಳೆಯುವ ಭಾರವಿರುವುದಿಲ್ಲ. ಬಿಡುವಿಲ್ಲದ ಎಳೆತದಲ್ಲಿ, ಅದರಲ್ಲೂ ಸೆಕೆಯಲ್ಲಿ, ಈ ಬಗೆಯ ಅಂಟು ಒಡೆಯದೆಯೇ ಮೆಲ್ಲಗೆ ಜರುಗುತ್ತದೆ. ಟೈಟ್‌ಬಾಂಡ್ ಒರಿಜಿನಲ್‌ನಂಥ ಹಳದಿ ಅಂಟು ಇದಕ್ಕಿಂತ ಗಡಸಾಗಿ ಒಣಗುತ್ತದೆ, ಬೇಕೆಂದಾಗ ಬಿಸಿಗೆ ಬಿಡುತ್ತದೆ, ಕೆಲಸ ಮಾಡಲು ಕೆಲವು ನಿಮಿಷಗಳ ಬಿಡುವನ್ನೂ ಕೊಡುತ್ತದೆ. ಮನೆಯಲ್ಲಿ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಅದೇ ಹೆಸರಿನ ನೀರು ತಡೆಯುವ ಬಗೆಗಳನ್ನು ಬಿಟ್ಟು, ಮೂಲ ಬಗೆಯನ್ನೇ ಕೇಳಿ ತರಬೇಕು.

ಹಳೆಯ ಬಡಗಿಗಳು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಸರೇಸನ್ನು ಬಿಸಿನೀರಿನಲ್ಲಿ ಕಾಯಿಸಿ ಬಳಸುತ್ತಿದ್ದರು. ಬೆಲೆಬಾಳುವ ಗಿಟಾರುಗಳನ್ನು ಇಂದಿಗೂ ಅದರಲ್ಲೇ ಅಂಟಿಸುವವರಿದ್ದಾರೆ. ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಎಳೆತಕ್ಕೆ ಜರುಗುವುದಿಲ್ಲ, ಹೊಸದು ಹಳೆಯದರ ಮೇಲೂ ಹಿಡಿಯುತ್ತದೆ. ಆದರೆ 60 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಿಟ್ಟು, ಹಚ್ಚಿದ ಒಂದೆರಡು ನಿಮಿಷದೊಳಗೆ ಕ್ಲ್ಯಾಂಪ್ ಬಿಗಿಯಬೇಕು; ಮೊದಲ ಸಲದವರಿಗೆ ಇದು ಸಾಧ್ಯವಾಗದು. ಸೆಕೆ ಮತ್ತು ತೇವ ಎರಡೂ ಒಟ್ಟಾಗಿ ಕಾಡುವ ಕರಾವಳಿಯ ಮನೆಗೆ ಇದು ಅಷ್ಟು ಒಗ್ಗುವುದೂ ಇಲ್ಲ. ಅರಾಲ್ಡೈಟ್‌ನಂಥ ಎಪಾಕ್ಸಿ, ಸಂದಿ ತುಂಬುವ ಗುಣದಿಂದಾಗಿ, ಮೈ ಹಾಳಾಗಿ ಎಲ್ಲೂ ಒಪ್ಪದ ಪ್ಲೈವುಡ್ ಟಾಪಿಗೆ ಕೊನೆಯ ಉಪಾಯವಾಗಬಹುದು. ಮರದ ಎಳೆಗಳೊಳಗೆ ಇಳಿದು ಕೂರುವ ಅದನ್ನು ಮುಂದೆ ಕೆರೆದು ತೆಗೆಯಬೇಕಾಗಿ ಬರುವವರು ಹಚ್ಚಿದವರನ್ನು ನೆನೆಯುತ್ತಾರೆ, ಒಳ್ಳೆಯ ಮಾತಿನಲ್ಲಲ್ಲ.

ಬೋಲ್ಟ್, ಟೇಲ್‌ಪೀಸ್, ಒಳಗಿನ ಊರುಗೋಲು

ಅಗ್ಗದ ಗಿಟಾರುಗಳ ಬ್ರಿಡ್ಜಿನ ಮೇಲೆ ಕಾಣುವ ಎರಡು ಬಿಳಿ ಚುಕ್ಕೆಗಳ ಅಡಿಯಲ್ಲಿ ಅನೇಕ ಸಲ ಬೋಲ್ಟ್ ಇರುತ್ತದೆ. ಆದ್ದರಿಂದ ಬೋಲ್ಟ್ ಎಂದರೆ ಅಪಚಾರವೇನಲ್ಲ. ಅಂಟಿನ ಜೊತೆಗೆ, ಒಳಗೆ ಅಗಲ ವಾಷರ್ ಕೊಟ್ಟು ಹಾಕಿದ ಬೋಲ್ಟ್ ಪ್ಲೈವುಡ್ ಗಿಟಾರಿಗೆ ಕೆಲವು ವರ್ಷ ಆಯುಸ್ಸು ಕೊಡುತ್ತದೆ. ಅಂಟಿನ ಬದಲಿಗೆ ಹಾಕಿದರೆ ಮಾತ್ರ ಎಳೆತವೆಲ್ಲ ಎರಡು ತೂತುಗಳ ಅಂಚಿಗೆ ಬಂದು ನಿಲ್ಲುತ್ತದೆ, ಕ್ರಮೇಣ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಮರದ ಸ್ಕ್ರೂಗಳನ್ನು ಮೇಲಿನಿಂದ ತಿರುಗಿಸುವುದನ್ನು ಯಾವ ಗಿಟಾರಿಗೂ ಮಾಡಬಾರದು. ಮೂರು ಮಿಲಿಮೀಟರಿನ ಹಲಗೆಯಲ್ಲಿ ಸ್ಕ್ರೂವಿಗೆ ಹಿಡಿಯಲು ಏನಿದೆ?

ಟೇಲ್‌ಪೀಸ್ ಬೇರೆಯದೇ ತರ್ಕ. ಪಿಟೀಲು, ಮ್ಯಾಂಡೊಲಿನ್‌ಗಳಲ್ಲಿ ಇರುವಂತೆ ತಂತಿಯ ತುದಿ ವಾದ್ಯದ ಬುಡಕ್ಕೆ ಕಟ್ಟಿಕೊಳ್ಳುತ್ತದೆ, ಬ್ರಿಡ್ಜ್ ಬರೀ ಕೆಳಮುಖ ಒತ್ತಡವನ್ನು ಹೊರುತ್ತದೆ. ವೀಣೆ, ತಂಬೂರಿಯವರು ಬ್ರಿಡ್ಜನ್ನು ಕುದುರೆ ಎನ್ನುತ್ತಾರೆ. ಟೇಲ್‌ಪೀಸ್ ಹಾಕಿದ ಮೇಲೆ ಗಿಟಾರಿನ ಬ್ರಿಡ್ಜ್ ನಿಜಕ್ಕೂ ಸವಾರಿ ಹೊರುವ ಕುದುರೆಯಷ್ಟೇ ಆಗುತ್ತದೆ. ಏಳುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಎಳೆತಕ್ಕೆಂದು ಮಾಡಿದ ಟಾಪ್ ಒತ್ತಡಕ್ಕೆ ಕುಸಿಯಬಹುದು, ನಾದವೂ ತೆಳುವಾಗಿ, ತಗಡಿನ ಸದ್ದು ಬೆರೆತಂತೆ ಆಗುತ್ತದೆ. ಮಕ್ಕಳು ಕಾರ್ಡ್ ಕಲಿಯಲು ಇಟ್ಟ ಗಿಟಾರಿಗೆ ಇದು ಸಾಕು. ನಾದಕ್ಕಾಗಿ ಕೊಂಡದ್ದಕ್ಕೆ ಬೇಡ.

ಬ್ರಿಡ್ಜ್ ಡಾಕ್ಟರ್ ಎಂಬ ಹೆಸರಿನಲ್ಲಿ ಅಮೆರಿಕದಿಂದ ಬರುವ ಸಾಧನ ಇವೆರಡಕ್ಕಿಂತ ಜಾಣತನದ್ದು. ಬ್ರಿಡ್ಜಿನ ಅಡಿಗೆ ಒಳಗಡೆಯಿಂದ ಒಂದು ಮರದ ತುಂಡು ಕೂರುತ್ತದೆ, ಅದರಿಂದ ಹೊರಟ ಕೋಲು ಗಿಟಾರಿನ ಬುಡದ ದಿಮ್ಮಿಗೆ ಒತ್ತಿ ನಿಲ್ಲುತ್ತದೆ. ಬ್ರಿಡ್ಜ್ ಮುಂದಕ್ಕೆ ಮಗುಚುವಷ್ಟೂ ಆ ಕೋಲು ಅದನ್ನು ಹಿಂದಕ್ಕೆ ತಿರುಗಿಸುತ್ತದೆ. ಹೊಟ್ಟೆ ಇಳಿಯುವುದು ಕಣ್ಣಿಗೆ ಕಾಣುತ್ತದೆ, ಬೇಡವೆಂದರೆ ಬಿಚ್ಚಿಡಬಹುದು. ಅದು ಉಬ್ಬಿಗೆ ಮದ್ದೇ ಹೊರತು ಅಂಟಿಗೆ ಬದಲಿಯಲ್ಲ, ಟಾಪಿನ ಮೇಲೆ ಅಷ್ಟು ತೂಕ ಸೇರುವುದರಿಂದ ನಾದ ತುಸು ಬದಲಾಗುತ್ತದೆ. ಬ್ರಿಡ್ಜನ್ನು ಸರಿಯಾಗಿ ಅಂಟಿಸಿದ ಮೇಲೂ ಟಾಪ್ ಮತ್ತೆ ಏಳುತ್ತಿದೆ ಎಂದಾದರೆ ನಾನು ಬೋಲ್ಟಿಗಿಂತ ಮೊದಲು ಇದನ್ನೇ ನೋಡುತ್ತೇನೆ.

ನೆಕ್ಕಿನ ಸರದಿ

ಬ್ರಿಡ್ಜ್ ಕೂತು, ತಂತಿ ಏರಿಸಿ, ಒಂದು ವಾರ ಕಳೆದ ಮೇಲೆ ಮೊದಲ ಫ್ರೆಟ್ಟನ್ನೂ ದೇಹ ಸೇರುವ ಹದಿನಾಲ್ಕನೆಯ ಫ್ರೆಟ್ಟನ್ನೂ ಒತ್ತಿ ಹಿಡಿದು, ಏಳನೆಯ ಫ್ರೆಟ್ಟಿನ ಬಳಿ ತಂತಿಯ ಅಡಿಯ ಸಂದಿ ನೋಡಬೇಕು. ಅಲ್ಲಿ 0.1ರಿಂದ 0.25 ಮಿಲಿಮೀಟರ್, ಅಂದರೆ ವಿಸಿಟಿಂಗ್ ಕಾರ್ಡಿನ ದಪ್ಪಕ್ಕಿಂತ ಹೆಚ್ಚಿಲ್ಲದಷ್ಟು, ಇದ್ದರೆ ಸರಿ. ಹೆಚ್ಚಿದ್ದರೆ ನೆಕ್ಕಿನೊಳಗಿನ ಲೋಹದ ಸರಳನ್ನು, ಅಂದರೆ ಟ್ರಸ್ ರಾಡನ್ನು, ಕಾಲು ಸುತ್ತು ಬಿಗಿದು, ಒಂದು ದಿನ ಬಿಟ್ಟು ಮತ್ತೆ ನೋಡಬೇಕು. ತಂತಿ ಎತ್ತರವಾಗಿದೆ ಎಂಬ ಒಂದೇ ಕಾರಣಕ್ಕೆ ಈ ರಾಡನ್ನು ತಿರುಗಿಸುತ್ತ ಹೋಗುವವರು ಬಹಳ. ಅದು ನೆಕ್ಕಿನ ಬಾಗನ್ನು ತಿದ್ದುತ್ತದೆ, ಕೋನವನ್ನಲ್ಲ.

ಕೋನ ನೋಡಲು 60 ಸೆಂಟಿಮೀಟರಿನ ನೇರ ಉಕ್ಕಿನ ಅಡಿಕೋಲನ್ನು ಫ್ರೆಟ್ಟುಗಳ ಮೇಲೆ ಮಲಗಿಸಿ ಬ್ರಿಡ್ಜಿನವರೆಗೆ ಚಾಚಬೇಕು; ತುದಿ ಬ್ರಿಡ್ಜಿನ ಮರದ ನೆತ್ತಿಯನ್ನು ಸವರಿದರೆ ಚೆನ್ನ, ಅದರ ಹಣೆಗೆ ಗುದ್ದಿದರೆ ಕೋನ ಕೆಟ್ಟಿದೆ. ಸ್ಯಾಡಲ್ ಎತ್ತರವಿದ್ದಷ್ಟು ದಿನ ಅದನ್ನು ಉಜ್ಜಿ ಸಂಭಾಳಿಸಬಹುದು. ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿಯನ್ನು ಒಂದು ಮಿಲಿಮೀಟರ್ ಇಳಿಸಲು ಸ್ಯಾಡಲನ್ನು ಎರಡು ಮಿಲಿಮೀಟರ್ ಇಳಿಸಬೇಕು ಎಂಬ ಲೆಕ್ಕ ನೆನಪಿರಲಿ. ದಪ್ಪ ತಂತಿಯ ಬದಿಯಲ್ಲಿ 2.4, ತೆಳು ತಂತಿಯ ಬದಿಯಲ್ಲಿ 1.6 ಮಿಲಿಮೀಟರ್ ಬಂದರೆ ಹೆಚ್ಚಿನವರ ಕೈಗೆ ಹಿತ. ಸ್ಯಾಡಲ್ ಮುಗಿದರೆ ಉಳಿಯುವುದು ನೆಕ್ ರೀಸೆಟ್: ಅಂಟಿಸಿದ ಕೀಲಿಗೆ ಹಬೆ ಕೊಟ್ಟು ನೆಕ್ಕನ್ನು ಬಿಡಿಸಿ, ಕೋನ ಕೆತ್ತಿ, ಮತ್ತೆ ಕೂರಿಸುವುದು. 1999ರಲ್ಲಿ ಟೇಲರ್ ಕಂಪನಿ ಬೋಲ್ಟಿನಲ್ಲಿ ಕೂರುವ ತನ್ನ ಹೊಸ ನೆಕ್ ಜೋಡಣೆ ತಂದ ಮೇಲೆ ಅಂಥ ಗಿಟಾರುಗಳಲ್ಲಿ ಇದು ಸಣ್ಣ ಕೆಲಸ. ಎಂಟು ಹತ್ತು ಸಾವಿರದ, ಅಂಟಿನಲ್ಲಿ ಮುಳುಗಿಸಿದ ನೆಕ್ಕಿನ ಗಿಟಾರಿಗೆ ಮಾಡಿಸಹೊರಟರೆ ಮೂಗಿಗಿಂತ ಮೂಗುತಿ ಭಾರ.

ಯಾವ ಗಿಟಾರಿಗೆ ಎಷ್ಟು

ಪ್ಲೈವುಡ್ ಟಾಪಿನ ಕಲಿಕೆಯ ಗಿಟಾರಿನಲ್ಲಿ ಬ್ರಿಡ್ಜ್ ಮಾತ್ರ ಎದ್ದಿದ್ದರೆ ಮನೆಯಲ್ಲೇ ಬಿಡಿಸಿ ಹಳದಿ ಅಂಟಿನಲ್ಲಿ ಅಂಟಿಸಿ, 10–47 ತಂತಿ ಹಾಕಿಕೊಳ್ಳಬಹುದು. ಕೈ ಕಲಿಯಲು ಇದಕ್ಕಿಂತ ಒಳ್ಳೆಯ ವಾದ್ಯವಿಲ್ಲ. ಬ್ರಿಡ್ಜ್, ಹೊಟ್ಟೆ, ನೆಕ್ ಕೋನ ಮೂರೂ ಕೆಟ್ಟಿದ್ದರೆ ಅದನ್ನು ಟೇಲ್‌ಪೀಸಿಗೋ ಸ್ಲೈಡಿಗೋ ಬಿಟ್ಟು ಹೊಸದಕ್ಕೆ ಹಣ ಕೂಡಿಡುವುದೇ ಲೆಕ್ಕಕ್ಕೆ ಬರುತ್ತದೆ. ಇಡೀ ಸ್ಪ್ರೂಸ್ ಹಲಗೆಯ ಟಾಪ್ ಇರುವ ಗಿಟಾರನ್ನು, ಬೆಲೆ ಎಷ್ಟೇ ಇರಲಿ, ಮೊದಲ ಸಲ ಕೆಲಸ ಮಾಡುವವರು ಮುಟ್ಟಬಾರದು. ತಂದೆಯೋ ಮಾವನೋ ನುಡಿಸುತ್ತಿದ್ದ ಗಿಟಾರಿನ ಲೆಕ್ಕವೇ ಬೇರೆ. ಅಲ್ಲಿ ಮಾರುಕಟ್ಟೆಯ ಬೆಲೆಗೆ ಅರ್ಥವಿಲ್ಲ, ಒಳ್ಳೆಯ ಕೈಯನ್ನು ಹುಡುಕುವುದಷ್ಟೇ ಕೆಲಸ.

ಕೈ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಎರಡು ಪ್ರಶ್ನೆ ಸಾಕು: ಅಡಿಯ ವಾರ್ನಿಷ್ ತೆಗೆಯುತ್ತೀರಾ, ಎಷ್ಟು ಹೊತ್ತು ಕ್ಲ್ಯಾಂಪಿನಲ್ಲಿ ಇಡುತ್ತೀರಿ? ಅಕ್ಕನ ಮಗನ ಗಿಟಾರನ್ನು ಮೊದಲು ಒಯ್ದ ಅಂಗಡಿಯಲ್ಲಿ, "ಸಾಯಂಕಾಲ ಬಂದು ತಗೊಂಡು ಹೋಗಿ ಸಾರ್, ಫಸ್ಟ್ ಕ್ಲಾಸ್ ಮಾಡಿ ಕೊಡ್ತೀನಿ" ಎಂದರು. ನಾನು ಗಿಟಾರನ್ನು ಎತ್ತಿಕೊಂಡು ಬಂದೆ. ಎರಡನೆಯ ಕಡೆ ಇದ್ದ ಹಿರಿಯರು ಮಾತಾಡದೆ ಕನ್ನಡಿಯೊಂದನ್ನು ಸೌಂಡ್‌ಹೋಲಿಗೆ ಇಳಿಸಿ ನೋಡಿ, "ಒಳಗೆ ಒಂದು ಪಟ್ಟಿಯೂ ಬಿಟ್ಟಿದೆ, ಒಂದು ವಾರ ಬೇಕಾಗುತ್ತೆ" ಎಂದರು. ಅಲ್ಲೇ ಬಿಟ್ಟು ಬಂದೆ.

ಗಿಟಾರ್ ವಾಪಸು ಬಂದ ದಿನ ತಂತಿಗಳನ್ನು ಒಂದೇ ಸಲ ಪೂರ್ತಿ ಬಿಗಿಯಲಿಲ್ಲ. ಮೊದಲ ದಿನ ಎರಡು ಸ್ವರ ಕೆಳಗೆ, ಮರುದಿನ ಒಂದು ಸ್ವರ, ಮೂರನೆಯ ದಿನ ಪೂರ್ಣ ಶ್ರುತಿ. ಅದೇ ವಿಸಿಟಿಂಗ್ ಕಾರ್ಡನ್ನು ಪೆಟ್ಟಿಗೆಯ ಜೇಬಿನಲ್ಲಿ ಇಟ್ಟಿದ್ದೇವೆ. ತಿಂಗಳಿಗೊಮ್ಮೆ ಬ್ರಿಡ್ಜಿನ ಹಿಂದೆ ತಾಗಿಸಿ ನೋಡಿ, ಒಳಗೆ ಹೋಗದಿದ್ದರೆ ಅದರ ಹಿಂಬದಿಯಲ್ಲಿ ತಾರೀಕು ಬರೆಯುತ್ತಾನೆ ಹುಡುಗ. ಈಗ ಏಳು ತಾರೀಕುಗಳಿವೆ, ನಡುವೆ ಒಂದು ಮಳೆಗಾಲವೂ ದಾಟಿದೆ.